ಕೂಸು ಒಲ್ಲೆನೆಂದ ಹಾಲು

ನನ್ನ ಮಗಳು ಕುಡಿದದ್ದರಲ್ಲಿ ನನ್ನ ಹಾಲಿಗಿಂತ ನನ್ನ ಓರಗಿತ್ತಿಯ ಹಾಲೇ ಹೆಚ್ಚು. ಇದನ್ನು ಹೇಳಿದರೆ ಈಗಿನ ಹುಡುಗಿಯರು ಮುಖ ಹಿಂಡುತ್ತಾರೆ. ಹಿಂಡಲಿ. ಎಪ್ಪತ್ತರ ದಶಕದ ಯಲ್ಲದಕೆರೆಯಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರಲ್ಲಿ ಯಾರ ಕೈ ಬಿಡುವಾಗಿರುತ್ತಿತ್ತೋ ಅವರು ಅಳುವ ಕೂಸನ್ನು ಎತ್ತಿಕೊಂಡು ಹಾಲು ಕೊಡುತ್ತಿದ್ದರು. ಅದರಲ್ಲಿ ಯಾರಿಗೂ ಯಾವ ವಿಶೇಷವೂ ಕಾಣುತ್ತಿರಲಿಲ್ಲ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಲೇ ಎನ್ನುತ್ತಿದ್ದಳು. ಅವಳ ಕಿರಿಮಗನಿಗೆ ಎರಡು ವರ್ಷ ತುಂಬಿದ್ದರೂ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ, ಹಾಗಾಗಿ ಅವಳಲ್ಲಿ ಹಾಲಿಗೆ ಬರವಿರಲಿಲ್ಲ.

ನಾನು ಹೊಳಲ್ಕೆರೆಯ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಕುರಿ ಸಾಕಿ ಹೊಲ ಮಾಡುವ ಈ ಮನೆಗೆ ಸೊಸೆಯಾಗಿ ಬಂದಿದ್ದೆ. ಮಗಳಿಗೆ ಅರ್ಧ ವರ್ಷವಾಗುವ ಹೊತ್ತಿಗೆ ಚಿತ್ರದುರ್ಗದಲ್ಲಿ ಮೇಷ್ಟ್ರ ಟ್ರೈನಿಂಗಿಗೆ ಸೀಟು ಸಿಕ್ಕಿತು. ಸಿಗಲಿ ಎಂದು ಹಂಬಲಿಸಿದವಳೂ ನಾನೇ, ಸಿಕ್ಕಿದಾಗ ಕೂಸನ್ನು ಏನು ಮಾಡಲಿ ಎಂದು ಕೈಕಾಲು ಬಿಟ್ಟವಳೂ ನಾನೇ. ಅತ್ತೆ ಸುಮ್ಮನೆ ಇರುವ ಪೈಕಿಯಲ್ಲ. "ಹಾಲು ಕುಡಿಯೋ ಕೂಸು ಬಿಟ್ಟು ಓದಕ್ಕೆ ಹೋಗ್ತಾಳಂತೆ, ಓದಿ ಯಾವ ರಾಜ್ಯ ಆಳ್ಬೇಕಂತೆ?" ಎಂದರು. ಒಲೆ ಮುಂದೆ ಮುದ್ದೆ ತಿರುವುತ್ತಿದ್ದ ಅಕ್ಕ ತಿರುಗಿಯೂ ನೋಡದೆ ಹೇಳಿದಳು.

"ತಾಯಿ ಸತ್ತ ಮರಿಗೆ ಇನ್ನೊಂದು ಕುರಿ ಹೊಂದಿಸ್ತೀರಲ್ಲ ಅತ್ತೆ, ಈ ಕೂಸಿನ ತಾಯಿ ಬದುಕೇ ಐತೆ. ಹೋಗ್ಲಿ ಬಿಡ್ರಿ. ಹಾಲು ನನ್ನತ್ರ ಐತೆ."

ನಮ್ಮ ಮನೆಯ ಕೆಲಸವೇ ಅದಾಗಿತ್ತು. ತಬ್ಬಲಿ ಮರಿಯನ್ನು ಬೇರೆ ಕುರಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಒದೆಯುತ್ತದೆ. ಅತ್ತೆ ಆ ಕುರಿಯನ್ನು ಗೂಟಕ್ಕೆ ಕಟ್ಟಿ, ಕಾಲು ಹಿಡಿದು, ಮರಿಯ ಮೈಗೆ ಉಪ್ಪುನೀರು ಸವರಿ, ಕುರಿ ಅದನ್ನು ನೆಕ್ಕುವವರೆಗೂ ಅಲ್ಲೇ ಕೂತಿರುತ್ತಿದ್ದರು. ಅಕ್ಕನಿಗೆ ಗೂಟವೂ ಬೇಕಿರಲಿಲ್ಲ, ಉಪ್ಪೂ ಬೇಕಿರಲಿಲ್ಲ. ನಾನು ಬಸ್ಸು ಹತ್ತುವ ದಿನ ನನ್ನ ಮಗಳನ್ನು ಸೆರಗಿನೊಳಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸು ನನ್ನ ಕಡೆ ನೋಡಲೇ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನೂ ಹೇಳಿಬಿಡುತ್ತೇನೆ.

ರಜೆ ಸಿಕ್ಕಾಗಲೆಲ್ಲ ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಬರುತ್ತಿದ್ದೆ. ಹೀಗೆ ಒಂದು ಸಲ ಬಂದಾಗ ಮನೆಯವರೆಲ್ಲ ಹೊಸದೊಂದು ತಮಾಷೆಯಲ್ಲಿದ್ದರು. ಅಕ್ಕನ ಮಗ ಅಷ್ಟರಲ್ಲಿ ಎದೆಹಾಲು ಬಿಟ್ಟಿದ್ದ, ಈಗ ನನ್ನ ಮಗಳೂ ಎಡಗಡೆ ಕುಡಿಯುವುದನ್ನು ಬಿಟ್ಟಿದ್ದಳು. ಅಕ್ಕ ಆ ಕಡೆ ತಿರುಗಿಸಿದರೆ ಬಾಯಿಟ್ಟು, ಮುಖ ಸಿಂಡರಿಸಿ, ಕತ್ತು ಹೊರಳಿಸುತ್ತಿದ್ದಳು. ಬಲಗಡೆ ಹಿಡಿದರೆ ಗಟಗಟ ಕುಡಿಯುತ್ತಿದ್ದಳು. ಅತ್ತೆ, "ಬಲಗಡೆ ಬೆಲ್ಲ ಸವರ್ಕಂಡಿದಿಯೇನೆ?" ಎಂದು ಸೊಸೆಯನ್ನು ಕಾಡಿಸಿದರು. ಅಕ್ಕ ನನ್ನನ್ನು ಕಾಡಿಸಿದಳು: "ಥೇಟ್ ನಿನ್ನಂಗೇ ಕಣೆ ನಿನ್ ಮಗಳು. ಬ್ಯಾಡ ಅಂದ್ರೆ ಬ್ಯಾಡ." ನಾವೆಲ್ಲ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅದೇ ಸಂಜೆ ಕುರಿ ರೊಪ್ಪದೊಳಗೆ ಒಂದು ಮರಿ ಒಂದೇ ಮೊಲೆ ಚೀಪಿ ಇನ್ನೊಂದನ್ನು ಬಿಟ್ಟಿದ್ದರೆ ಅತ್ತೆ ಏನು ಮಾಡುತ್ತಿದ್ದರು ಎಂಬುದು ಆ ಮನೆಯ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು, ಕುರಿಯನ್ನು ಮಗುಚಿ, ಕೆಚ್ಚಲು ಒತ್ತಿ ನೋಡುತ್ತಿದ್ದರು. ಮರಿ ಒಲ್ಲೆ ಎಂದರೆ ಕೆಚ್ಚಲಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಕಣ್ಣು ಮಂಜಾಗುತ್ತಿದ್ದರೂ ಅವರ ಕೈ ತಪ್ಪುತ್ತಿರಲಿಲ್ಲ. ಕುರಿಗಾದರೆ ಅಷ್ಟು ಎಚ್ಚರವಾಗಿದ್ದ ಮನೆ, ಹೆಂಗಸಿಗೆ ಬಂದಾಗ ತಮಾಷೆ ಮಾಡಿತು. ಮರಿಯ ಮಾತನ್ನು ನಂಬುತ್ತಿದ್ದ ನಾವು ಕೂಸಿನ ಮಾತನ್ನು ಹಠ ಎಂದುಕೊಂಡೆವು.

ಮುಂದಿನ ರಜೆಗೆ ಬಂದಾಗ ಅಕ್ಕನ ಎಡ ಎದೆ ಬಾತಿತ್ತು. ಕುಪ್ಪಸ ಬಿಗಿಯಾಗಿ, ಹುಕ್ಕು ಹಾಕಲಾಗದೆ ಸೆರಗು ಎಳೆದುಕೊಂಡು ಓಡಾಡುತ್ತಿದ್ದಳು. ಹಿತ್ತಿಲಲ್ಲಿ ತೋರಿಸಿದಳು. ಕೆಂಪಗಾಗಿ, ಮುಟ್ಟಿದರೆ ಕಾವು ಹೊಡೆಯುತ್ತಿತ್ತು. ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಸಣ್ಣ ಸಣ್ಣ ಕುಳಿ ಬಿದ್ದಿತ್ತು. ಗಂಟು ಇದೆಯೇ ಎಂದು ಒತ್ತಿ ನೋಡಿದೆ, ಎಲ್ಲೂ ಸಿಗಲಿಲ್ಲ. ಜ್ವರವೂ ಇರಲಿಲ್ಲ.

"ಹಾಲು ಕಟ್ಟೈತೆ ಅಷ್ಟೆ ಕಣೆ. ನಿನ್ ಮಗಳು ಕುಡೀಲಿಲ್ವಲ್ಲ, ಅದ್ಕೆ" ಎಂದಳು. ದೂರಿ ಹೇಳಿದ ಮಾತಲ್ಲ, ನಗುತ್ತಲೇ ಹೇಳಿದ್ದು. ಆದರೆ ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ನನ್ನ ಮಗಳು ಕುಡಿಯದೆ ಉಳಿಸಿದ ಹಾಲು ಅವಳನ್ನು ಸುಡುತ್ತಿದೆ ಎಂದು ನಾನೂ ನಂಬಿದೆ, ಮನೆಯವರೂ ನಂಬಿದರು.

ಅತ್ತೆ ನೋಡಿ ತಕ್ಷಣ ಹೇಳಿದರು, ಇದು ಕೆಚ್ಚಲು ಬಾವು ಎಂದು. ಕುರಿಗೆ ಬಂದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಲು ಹೊರಟರು. ಲೋಳೆಸರದ ತಿರುಳು, ಅರಿಶಿನ, ಸುಣ್ಣ. ಅದನ್ನು ಅರೆದವಳು ನಾನು. ದಿನಕ್ಕೆ ಎರಡು ಸಲ ಹಚ್ಚಿದವಳೂ ನಾನೇ. ಕುರಿಯ ಕೆಚ್ಚಲಿಗೆ ಆ ಮದ್ದು ಹಿಡಿದದ್ದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ. ಹೀಗಾಗಿ ಅನುಮಾನವೇ ಬರಲಿಲ್ಲ. ಸುಣ್ಣ ತುಸು ಹೆಚ್ಚಾಗಿತ್ತೇನೋ. ಹಚ್ಚುವಾಗ ಅಕ್ಕ ತುಟಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದಳು. "ಉರೀತೈತಾ?" ಎಂದರೆ, "ಉರಿದ್ರೆ ತಾನೆ ಬಾವು ಇಳಿಯೋದು, ಹಚ್ಚು" ಎನ್ನುತ್ತಿದ್ದಳು. ಚರ್ಮ ಸುಟ್ಟು ಸುಲಿಯಿತು. ಬಾವು ಇಳಿಯಲಿಲ್ಲ.

ಭಾವ ಆಗ ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆ ಹೋಗಿದ್ದರು. ಅವರು ಬರಲಿ ಎಂದು ಅಕ್ಕ ಹಠ ಹಿಡಿದಳು. ಗಂಡಸರಿಗೆ ಎದೆ ತೋರಿಸುವುದೆಂದರೆ ಅವಳಿಗೆ ಸಾವು. ಕಡೆಗೆ ನನ್ನ ಗಂಡ ಬೈದು ಹಿರಿಯೂರಿಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಹಾಲೂಡುವ ಹೆಂಗಸು ಎಂದು ಕೇಳಿ, ಬಾವು ಎಂದು ಹೇಳಿ, ಪೆನ್ಸಿಲಿನ್ ಇಂಜೆಕ್ಷನ್ ಶುರು ಮಾಡಿದರು. ಸೊಂಟವೆಲ್ಲ ಸೂಜಿಯಾಯಿತು. ಕೆಂಪು ಹಾಗೇ ಇತ್ತು.

ಆಗ ನಾನೇ ಚಿತ್ರದುರ್ಗಕ್ಕೆ ಬಾ ಎಂದೆ. ಅವಳ ತವರು ಮದಕರಿಪುರ, ದುರ್ಗದ ಪಕ್ಕದ ಊರು. ಅಲ್ಲಿ ಉಳಿದುಕೊಂಡು ದೊಡ್ಡಾಸ್ಪತ್ರೆಗೆ ಹೋಗಿಬರಬಹುದಿತ್ತು, ನಾನೂ ತರಗತಿ ತಪ್ಪಿಸಿ ಜೊತೆಗೆ ಹೋಗಬಹುದಿತ್ತು. ಅಲ್ಲಿದ್ದ ಸರ್ಜನ್ನರು ವಯಸ್ಸಾದವರು, ಬಾಯಿ ಜೋರು. ಸುಲಿದ ಚರ್ಮ, ಅಂಟಿದ ಅರಿಶಿನ ನೋಡಿ ನನಗೇ ಬೈದರು.

"ಏನಮ್ಮ ಇದು? ಹೆಂಗಸಿನ ಮೈಯೋ, ಮನೆ ಗೋಡೆಯೋ? ಸುಣ್ಣ ಬಳಿದಿದೀರಲ್ಲ! ಈ ಕೆಂಪೆಲ್ಲ ಸುಣ್ಣ ಸುಟ್ಟಿದ್ದು. ಮೊದಲು ಇದು ವಾಸಿಯಾಗಲಿ, ಆಮೇಲೆ ನೋಡೋಣ."

ಮುಲಾಮು ಕೊಟ್ಟು ಕಳಿಸಿದರು. ಅವರನ್ನು ಈಗ ಬೈಯಲು ನನಗೆ ಬಾಯಿ ಬರುವುದಿಲ್ಲ. ಸುಣ್ಣ ಸುಟ್ಟ ಚರ್ಮದ ಅಡಿಯಲ್ಲಿ ಏನಿದೆ ಎಂದು ಯಾರಿಗೆ ತಾನೆ ಕಾಣುತ್ತದೆ? ರೋಗದ ಮೇಲೆ ನಾವೇ ಮುಸುಕು ಹಾಕಿಬಿಟ್ಟಿದ್ದೆವು. ಹಾಗೆ ಹೋದ ವಾರಗಳು ವಾಪಸ್ಸು ಬರುವಂಥವಲ್ಲ.

ಸುಟ್ಟದ್ದು ವಾಸಿಯಾಯಿತು, ಹೊಸ ಚರ್ಮ ಬಂತು. ಹೊಸ ಚರ್ಮವೂ ಕೆಂಪಗೇ ಇತ್ತು. ಮತ್ತೆ ಹೋದಾಗ ಡಾಕ್ಟರು ಬಗ್ಗಿ ಹತ್ತಿರದಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹಚ್ಚಿದ್ದು ನೀವೇ ಅಲ್ವಾ? ಸುಣ್ಣ ಎಲ್ಲಿವರೆಗೆ ಹಚ್ಚಿದ್ರಿ, ತೋರಿಸಿ" ಎಂದರು. ನಾನು ಬೆರಳಿನಿಂದ ಗೆರೆ ಎಳೆದು ತೋರಿಸಿದೆ. ಕೆಂಪು ನನ್ನ ಗೆರೆ ದಾಟಿ ಕೊರಳೆಲುಬಿನ ಕಡೆ, ಕಂಕುಳ ಕಡೆ ಹೋಗಿತ್ತು. ನಾನು ಹಚ್ಚದ ಕಡೆಯೂ ಕೆಂಪು. ಅವರ ಬಾಯಿಯ ಜೋರು ಅಲ್ಲಿಗೆ ಇಳಿಯಿತು. ಕಂಕುಳಲ್ಲಿ ಬೆರಳಾಡಿಸಿದರು. ಅಲ್ಲಿ ಗಂಟುಗಳು ಸಿಕ್ಕವು.

"ಕೂಸು ಈ ಕಡೆ ಹಾಲು ಕುಡೀತಿತ್ತಾ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ, ಬಿಟ್ಟು ಬಾಳ ದಿನ ಆತು" ಎಂದಳು ಅಕ್ಕ. ಅವರು ತಲೆಯಾಡಿಸಿದರು. ಆ ಎದೆಯಿಂದ ಚರ್ಮದ ಒಂದು ಚೂರು ತೆಗೆದು, ಬಾಟಲಿಗೆ ಹಾಕಿ ಬೆಂಗಳೂರಿಗೆ ಕಳಿಸಿದರು. ಹಾಲು ಪೂರ್ತಿ ನಿಲ್ಲಿಸಬೇಕು, ಎರಡೂ ಕಡೆ, ಎಂದು ಕಟ್ಟಪ್ಪಣೆ ಮಾಡಿದರು. ನನ್ನ ಮಗಳು ಅವತ್ತಿನಿಂದ ಆಡಿನ ಹಾಲಿಗೆ ಬಿದ್ದಳು.

ಫಲಿತಾಂಶ ಬಂದ ದಿನ ನಾವು ನಾಲ್ವರು ಇದ್ದೆವು. ಅಕ್ಕ, ಹೊಸದುರ್ಗದಿಂದ ಓಡಿಬಂದ ಭಾವ, ಅತ್ತೆ, ನಾನು. ಡಾಕ್ಟರು ಬಾಗಿಲು ಮುಂದೆ ಮಾಡಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ನಿಧಾನವಾಗಿ ಹೇಳಿದರು.

"ಇದು ಕ್ಯಾನ್ಸರು. ಆದ್ರೆ ಸಾಮಾನ್ಯವಾಗಿ ನಾವು ನೋಡೋ ಗಂಟಿನ ಕ್ಯಾನ್ಸರಲ್ಲ. ಇದರಲ್ಲಿ ಗಂಟೇ ಕಟ್ಟೋದಿಲ್ಲ. ಚರ್ಮದ ಕೆಳಗಿರೋ ಸಣ್ಣ ಸಣ್ಣ ನಾಳಗಳಲ್ಲಿ ತುಂಬಿಕೊಂಡು ಬರತ್ತೆ, ಬಾವಿನ ಹಾಗೇ ಕಾಣತ್ತೆ. ಬಹಳ ಅಪರೂಪ. ನನ್ನ ಸರ್ವಿಸಿನಲ್ಲೇ ನಾನು ನೋಡಿದ್ದು ಕಡಿಮೆ. ಓಟ ಜಾಸ್ತಿ ಇದಕ್ಕೆ. ಈಗ ಕೊಯ್ದು ತೆಗೆದರೆ ಉಪಯೋಗ ಇಲ್ಲ, ಗಾಯ ಮಾಯೋ ಮೊದಲೇ ಅದರ ಮೇಲೆ ಮತ್ತೆ ಬರತ್ತೆ. ಬೆಂಗಳೂರಿಗೆ ಹೋಗಿ ಕರೆಂಟು ಇಡಿಸಬೇಕು, ರೇಡಿಯೇಷನ್ ಅಂತಾರೆ. ಜೊತೆಗೆ ಇಂಜೆಕ್ಷನ್ ಇದೆ."

ಅಕ್ಕ ಸೆರಗನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದವಳು ತಲೆಯೆತ್ತಿದಳು. "ಡಾಕ್ಟ್ರೇ, ನಾನು ಹಾಲು ಕೊಟ್ಟಿದೀನಿ. ನನ್ ಕೂಸಿಗಷ್ಟೇ ಅಲ್ಲ, ಇವಳ ಕೂಸಿಗೂ. ಆ ಕೂಸಿಗೆ ಏನಾರ ಆಗ್ತೈತಾ?"

"ಏನೂ ಆಗಲ್ಲಮ್ಮ. ಇದು ಅಂಟೋ ರೋಗ ಅಲ್ಲ. ಹಾಲಿನಲ್ಲಿ ಹೋಗಲ್ಲ."

ನನ್ನ ಉಸಿರು ಸಡಿಲವಾಯಿತು. ಅದು ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು. ಅಕ್ಕ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಅತ್ತೆ ಕೈ ಮುಗಿದರು. ಭಾವ ಬೆಂಗಳೂರಿಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂದು ಕೇಳಿದರು. ನಾವು ಹೊರಗೆ ಬಂದೆವು. ಅಂಗಳದ ಬೇವಿನ ಮರದ ಕೆಳಗೆ ನಿಂತಾಗ ನನಗೆ ಹೊಳೆಯಿತು, ಇವಳು ಬದುಕುತ್ತಾಳಾ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವಾಪಸ್ಸು ಹೋಗಿ ಕೇಳೋಣ ಎಂದುಕೊಂಡೆ. ಹೋಗಲಿಲ್ಲ.

ಬೆಂಗಳೂರಿಗೆ ಅವಳ ಜೊತೆ ಹೋದದ್ದು ಭಾವ ಮತ್ತು ಅವಳ ತಾಯಿ. ನಾನು ಟ್ರೈನಿಂಗ್ ಬಿಟ್ಟು ಬರುತ್ತೇನೆ ಎಂದೆ. ಅಕ್ಕ ಕೆಂಡವಾದಳು. "ಬಿಟ್ಟು ಬಂದ್ರೆ ಕಾಲು ಮುರೀತೀನಿ. ನೀನು ಓದ್ಲಿ ಅಂತ ತಾನೆ ನಾನು ಹಾಲು ಕೊಟ್ಟಿದ್ದು? ಅದೂ ಮಣ್ಣಾಗ್ಬೇಕಾ?" ನಾನು ಒಪ್ಪಿದೆ. ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವೇನೂ ಆಗಲಿಲ್ಲ. ಅವಳು ಅಲ್ಲಿ ದೊಡ್ಡ ಮಿಷನ್ನಿನ ಕೆಳಗೆ ಒಬ್ಬಳೇ ಮಲಗಿದ್ದಾಗ ನಾನಿಲ್ಲಿ ಮಕ್ಕಳ ಮನಸ್ಸನ್ನು ಅರಿಯುವುದು ಹೇಗೆ ಎಂಬ ಪಾಠ ಬರೆದುಕೊಳ್ಳುತ್ತಿದ್ದೆ.

ಅವಳು ಬಂದಾಗ ಎದೆ ಕಪ್ಪಗೆ ಸೀದಿತ್ತು. ಕೆಂಪು ಹೋಗಿತ್ತು, ಬಾವು ಇಳಿದಿತ್ತು. ಇಂಜೆಕ್ಷನ್ನಿಗೆ ಉದ್ದ ಜಡೆ ಉದುರಿ, ತಲೆಗೆ ವಸ್ತ್ರ ಸುತ್ತಿಕೊಂಡಿದ್ದಳು. ಏನು ತಿಂದರೂ ವಾಂತಿ. ಆದರೂ ಗೆದ್ದೆವು ಎಂದೇ ನಾವು ತಿಳಿದೆವು. ಒಂದಷ್ಟು ತಿಂಗಳು ಗೆದ್ದಿದ್ದೆವು ಕೂಡ. ಮತ್ತೆ ಒಲೆ ಮುಂದೆ ಕೂತಳು, ಅತ್ತೆಯ ಜೊತೆ ಮತ್ತೆ ಜಗಳಕ್ಕೆ ಬಿದ್ದಳು.

ಮನೆಯಲ್ಲಿ ತಪ್ಪು ಹೊತ್ತುಕೊಳ್ಳುವುದಕ್ಕೆ ಪೈಪೋಟಿಯೇ ನಡೆಯಿತು. ಭಾವ ಆ ವರ್ಷ ಕುರಿ ಹೊಡೆದುಕೊಂಡು ಹೋಗಲಿಲ್ಲ, ಆಳನ್ನು ಕಳಿಸಿದರು. ಊರಲ್ಲಿದ್ದರೆ ಮೊದಲೇ ಕರೆದುಕೊಂಡು ಹೋಗುತ್ತಿದ್ದೆ ಎನ್ನುತ್ತಿದ್ದರು. ಅತ್ತೆ ಬಂದವರ ಮುಂದೆಲ್ಲ ಎದೆ ಬಡಿದುಕೊಳ್ಳುತ್ತಿದ್ದರು. "ಕುರಿ ಆಗಿದ್ರೆ ಅವತ್ತೇ ಮುಟ್ಟಿ ನೋಡ್ತಿದ್ದೆ ಕಣವ್ವ. ಮನುಷ್ಯಳು ಅಂತ ನಕ್ಕಂಡು ಕುಂತೆ." ನಾನು ಸುಣ್ಣದ ಮಾತು ಎತ್ತಿದರೆ, ಹೇಳಿಕೊಟ್ಟವಳು ತಾನೇ ಅಲ್ಲವೇ ಎಂದು ಅತ್ತೆ ಅದನ್ನೂ ಕಿತ್ತುಕೊಳ್ಳುತ್ತಿದ್ದರು.

ಅಕ್ಕನ ತಪ್ಪೇ ಬೇರೆ. ಡಾಕ್ಟರ ಮಾತನ್ನು ಅವಳು ನಂಬಿರಲಿಲ್ಲ. ಬೆಂಗಳೂರಿನಲ್ಲಿ ನರ್ಸುಗಳನ್ನು, ಕರೆಂಟು ಇಡುವವನನ್ನು, ಪಕ್ಕದ ಹಾಸಿಗೆಯವಳನ್ನು ಕೂಡ ಅದೇ ಪ್ರಶ್ನೆ ಕೇಳಿದ್ದಳಂತೆ. ಎಲ್ಲರೂ ಏನೂ ಆಗಲ್ಲ ಎಂದರೂ, ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡಳು. ನನ್ನ ಮಗಳು ನಿದ್ದೆ ಮಾಡುವಾಗ ಅವಳ ಕುತ್ತಿಗೆ, ಕಂಕುಳು ಮುಟ್ಟಿ ನೋಡುತ್ತಿದ್ದಳು, ಆಸ್ಪತ್ರೆಯಲ್ಲಿ ತನ್ನನ್ನು ನೋಡಿದ ಹಾಗೆಯೇ. ಎಚ್ಚರವಿದ್ದಾಗ ಮಾತ್ರ ಹತ್ತಿರ ಸೇರಿಸುತ್ತಿರಲಿಲ್ಲ. ಕೂಸು ಅವ್ವಾ ಎಂದು ಅವಳ ಸೀರೆ ಹಿಡಿದರೆ ಬಿಡಿಸಿ ಕಳಿಸುತ್ತಿದ್ದಳು. ಹೌದು, ನನ್ನ ಮಗಳು ಅವ್ವಾ ಎಂದು ಕರೆಯುತ್ತಿದ್ದದ್ದು ಅವಳನ್ನೇ.

"ನಿನ್ ಮಗನೂ ಇದೇ ಹಾಲು ಕುಡಿದಿದಾನೆ, ಅವನನ್ನ ತೊಡೆ ಮೇಲೆ ಕೂರಿಸ್ಕಂತೀಯ. ನನ್ ಮಗಳು ಏನು ಮಾಡಿದ್ಲು?" ಎಂದು ಒಮ್ಮೆ ರೇಗಿದೆ.

"ಅವ್ನು ನನ್ ಹೊಟ್ಟೇಲಿ ಹುಟ್ಟಿದೋನು, ನಂದು ಏನು ಬರ್ತೈತೋ ಅವನಿಗೂ ಬರ್ಲಿ. ನಿನ್ ಮಗಳು ನನ್ನನ್ನ ನಂಬಿ ಬಿಟ್ಟೋದ ಕೂಸು. ಅವಳಿಗೆ ಏನಾರ ಆದ್ರೆ ನಾನೇನು ಅಂತ ಹೇಳ್ಲಿ ನಿನಗೆ?" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ತಪ್ಪಾತು ಕಣೆ" ಎಂದಳು. ಅವಳು ನನಗೆ ತಪ್ಪಾತು ಎಂದದ್ದು!

ಆಗ ಊರಲ್ಲೂ ಗುಸುಗುಸು ಶುರುವಾಗಿತ್ತು, ಆ ರೋಗ ಅಂಟುತ್ತದೆ ಎಂದು. ನೀರು ಸೇದುವಲ್ಲಿ ಅವಳ ಕೊಡಕ್ಕೆ ತಮ್ಮ ಕೊಡ ತಾಗದಂತೆ ಹೆಂಗಸರು ಸರಿಯುತ್ತಿದ್ದರು. ಅಂಥವರ ಮೇಲೆ ನಾನು ಹರಿಹಾಯ್ದೆ. ಟ್ರೈನಿಂಗ್ ಮುಗಿಸಿದವಳಲ್ಲವೇ, ಪಾಠ ಮಾಡುವ ಚಪಲ ಬೇರೆ. ಡಾಕ್ಟರು ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ನೆರೆಯವರು ನೋಡಲಿ ಎಂದೇ ಜಗಲಿಯಲ್ಲಿ ಕೂತು ಅಕ್ಕನ ತಟ್ಟೆಯಲ್ಲಿ ಉಳಿದದ್ದನ್ನು ಉಂಡೆ. ಅವಳ ಲೋಟದಲ್ಲಿ ನೀರು ಕುಡಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸುತ್ತಿತ್ತು.

ಬೇಸಗೆ ಬರುವ ಮುಂಚೆ ಕೆಂಪು ಮತ್ತೆ ಬಂತು. ಈ ಸಲ ಕತ್ತಿನವರೆಗೆ, ಬೆನ್ನಿನವರೆಗೆ. ಎಡಗೈ ಬಾತು ಬಳೆ ಕತ್ತರಿಸಬೇಕಾಯಿತು. ದುರ್ಗದ ಡಾಕ್ಟರು ನೋಡಿ, ಇನ್ನು ಬೆಂಗಳೂರು ಬೇಡ, ನೋವಿಗೆ ಕೊಡುತ್ತೇನೆ ಎಂದರು. ಹೊರಡುವಾಗ ಅವಳ ತಲೆ ಮುಟ್ಟಿ, ನಾನು ಮೊದಲನೇ ಸಲವೇ ಗುರುತಿಸಬೇಕಿತ್ತಮ್ಮ ಎಂದರು. ಅಕ್ಕ ಅವರನ್ನೂ ಸಮಾಧಾನ ಮಾಡಿದಳು. "ಸುಣ್ಣ ಹಚ್ಚಿದ್ವಲ್ಲ ಡಾಕ್ಟ್ರೇ, ನಿಮಗೆಂಗೆ ಕಾಣ್ಬೇಕು" ಎಂದಳು.

ಅವಳನ್ನು ಜಗಲಿಯ ಮೇಲೆ, ಗಾಳಿ ಬರುವಲ್ಲಿ ಮಲಗಿಸುತ್ತಿದ್ದೆವು. ಒಂದು ಬೆಳಿಗ್ಗೆ, ಕುರಿ ಬಯಲಿಗೆ ಹೋದ ಮೇಲೆ, ನಾನು ಅವಳ ಕಾಲ ಬಳಿ ಕೂತು ಹುಣಸೆ ಬಿಡಿಸುತ್ತಿದ್ದೆ. ಅವಳು ಎಡಗಡೆಯ ಸೆರಗು ತೆಗೆದಿದ್ದಳು, ಬಟ್ಟೆ ತಾಗಿದರೂ ಉರಿಯುತ್ತಿತ್ತು. ಚರ್ಮ ಅಲ್ಲಲ್ಲಿ ಒಡೆದು ರಸ ಸೋರುತ್ತಿತ್ತು. ಕಣ್ಣು ಮುಚ್ಚಿದ್ದಳು, ನಿದ್ದೆ ಎಂದುಕೊಂಡೆ. ನನ್ನ ಮಗಳು ಒಳಗಿನಿಂದ ಪುಟುಪುಟು ನಡೆದು ಬಂದಳು. ಯಾರೂ ತಡೆಯುವವರಿಲ್ಲ ಎಂದು ಕಂಡು, ಜಗಲಿ ಹತ್ತಿ, ಅವ್ವಾ ಎಂದು, ಆ ಎಡಗಡೆಯ ಎದೆಯ ಮೇಲೆಯೇ ಕೆನ್ನೆಯಿಟ್ಟು ಮಲಗಿದಳು.

ಅಕ್ಕ ನೋವಿಗೆ ಒಮ್ಮೆ ಸೆಟೆದಳು. ಕಣ್ಣು ತೆರೆದಳು. ಆದರೆ ಕೂಸನ್ನು ದೂಡಲಿಲ್ಲ. ಎಷ್ಟೋ ತಿಂಗಳಿಂದ ಸೇರಿಸದಿದ್ದವಳು ಬಲಗೈ ಎತ್ತಿ ಅದರ ಬೆನ್ನ ಮೇಲೆ ಇಟ್ಟಳು. ಅವಳ ಮುಖ ಸಡಿಲವಾಯಿತು.

ನಾನು ಹುಣಸೆ ಮೊರ ದೂಡಿ ಎದ್ದು, ಎರಡೂ ಕೈ ಚಾಚಿ ಕೂಸಿನ ಕಂಕುಳಿಗೆ ಹಾಕಿಬಿಟ್ಟಿದ್ದೆ. ಅಂಟುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳಿದ ಕೈಗಳು. ನನ್ನ ಬಾಯಿಂದ "ಬ್ಯಾಡ" ಎಂಬ ಮಾತೂ ಬಂದಿತ್ತು.

ಅಕ್ಕ ಮೊದಲು ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ. ಕೂಸಿನ ಬೆನ್ನ ಮೇಲಿಂದ ತನ್ನ ಕೈ ತೆಗೆದಳು.

"ತಗಾ, ತಗಾ ಕಣೆ" ಎಂದಳು. "ಮೈಯೆಲ್ಲ ನೋಯ್ತೈತೆ ನನಗೆ."

ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಅವಳ ಕೆನ್ನೆ ತೊಳೆದೆ. ಅಕ್ಕನಿಗೆ ನೋವಾಗುತ್ತಿತ್ತು, ಅವಳೇ ಹೇಳಿದಳು, ಅದಕ್ಕೇ ಎತ್ತಿಕೊಂಡೆ ಎಂದು ಅತ್ತೆಗೆ ಹೇಳಿದೆ, ಗಂಡನಿಗೂ ಹಾಗೇ ಹೇಳಿದೆ. ನನ್ನ ಕೈ ನೋಡಿದ ಮೇಲೆಯೇ ಅವಳು ಆ ಮಾತು ಹೇಳಿದ್ದು. ನಾನು ತಲೆ ತಗ್ಗಿಸಬಾರದೆಂದು ಹೇಳಿದ್ದು. ಅದಾದ ಮೇಲೆ ಅವಳು ಹೆಚ್ಚು ದಿನ ಇರಲಿಲ್ಲ, ಕೂಸನ್ನು ಮತ್ತೆ ಕೇಳಲೂ ಇಲ್ಲ.